ಸಹ್ಯಾದ್ರಿಯ ಹಳೇ ಘಾಟವಾಟ ಹತ್ತೋದು ಹೇಗೆ: ಮುಂಬೈ, ಪುಣೆ ಕಡೆಯ ನಮ್ಮೋರಿಗೆ

ಮುಂಬೈ, ಡೊಂಬಿವಲಿ, ಪುಣೆ ಕಡೆ ಇರೋ ನಮ್ಮೋರಿಗೆ ಟ್ರೆಕ್ ಅಂದ್ರೆ ಕೋಟೆ. ಸಿಂಹಗಡ ಆಯ್ತು, ಲೋಹಗಡ ಆಯ್ತು, ಮಳೆ ಬಂದ್ರೆ ಭಾನುವಾರ ಅಲ್ಲಿ ಕಾಲಿಡೋಕೂ ಜಾಗ ಇರಲ್ಲ. ಆದ್ರೆ ಆ ಕೋಟೆಗಳಲ್ಲಿ ಎಷ್ಟೋ ಕೋಟೆ ಕಟ್ಟಿದ್ದೇ ಒಂದು ದಾರಿ ಕಾಯೋಕೆ, ಆ ದಾರಿ ಕೋಟೆಗಿಂತ ತುಂಬಾ ಹಳೇದು, ಮತ್ತು ಆ ದಾರಿ ಇವತ್ತಿಗೂ ಅಲ್ಲೇ ಇದೆ. ಕಲ್ಯಾಣ, ಸೋಪಾರಾ ಬಂದರಿನಲ್ಲಿ ಇಳಿದ ಸರಕನ್ನ ಎತ್ತು, ಕತ್ತೆ, ಮನುಷ್ಯರ ತಲೆ ಮೇಲೆ ಹೊರಿಸಿ ಘಟ್ಟ ಹತ್ತಿಸಿ ಜುನ್ನರ, ಪೈಠಣ ಕಡೆ ಒಯ್ತಿದ್ದ ಕಾಲುದಾರಿಗಳು. ಇಲ್ಲಿಯವರು ಇದಕ್ಕೆ ಘಾಟವಾಟ ಅಂತಾರೆ. ಕೆಳಗೆ ಕೊಂಕಣ, ಮೇಲೆ ಘಾಟಮಾಥಾ, ಮಧ್ಯ 600ರಿಂದ 800 ಮೀಟರ್ ಗೋಡೆ, ಆ ಗೋಡೆಯಲ್ಲಿ ಎಲ್ಲೋ ಒಂದು ಕಡೆ ಕಾಲಿಡೋಕೆ ಜಾಗ.

ಇದನ್ನ ನಡೆಯೋದು ಹೇಗೆ ಅಂತ ಸ್ವಲ್ಪ ವಿವರವಾಗಿ ಹೇಳ್ತೀನಿ. ಶೂ ಯಾವುದು ಬ್ಯಾಗ್ ಯಾವುದು ಅನ್ನೋದು ಆಮೇಲೆ, ಮೊದಲು ಕಲ್ಲು ನೋಡೋದು ಕಲೀಬೇಕು, ಯಾಕಂದ್ರೆ ಈ ದಾರಿ ಮಾಡಿದವರು ಕಲ್ಲು ಓದಿಯೇ ದಾರಿ ಮಾಡಿದ್ದು, ಅದು ಗೊತ್ತಾದ್ರೆ ಮ್ಯಾಪ್ ಕೈ ಕೊಟ್ಟಾಗಲೂ ದಾರಿ ಎಲ್ಲಿರಬಹುದು ಅಂತ ಒಂದು ಅಂದಾಜು ಸಿಗುತ್ತೆ.

ಕಲ್ಲು ಓದೋದು

ಮುಂಬೈನಿಂದ ಪುಣೆಗೆ ರೈಲಲ್ಲಿ ಹೋಗೋವಾಗ ಕರ್ಜತ್ ದಾಟಿದ ಮೇಲೆ ಮೊಬೈಲ್ ಒಳಗಿಟ್ಟು ಕಿಟಕಿ ಪಕ್ಕ ಕೂತ್ಕೊಳ್ಳಿ. ಎದುರಿನ ಬೆಟ್ಟದಲ್ಲಿ ಅಡ್ಡಡ್ಡ ಗೆರೆ ಕಾಣ್ತವೆ, ಡಬ್ಬಿಯಲ್ಲಿ ಒಂದರ ಮೇಲೊಂದು ಇಟ್ಟ ಚಪಾತಿ ಥರ. ಒಂದು ಕಪ್ಪು ನೇರ ಗೋಡೆ, ಅದರ ಮೇಲೆ ಹಸಿರು ಇಳಿಜಾರು, ಮತ್ತೆ ಗೋಡೆ, ಮತ್ತೆ ಇಳಿಜಾರು. ಇದೆಲ್ಲ ಲಾವಾ. ಸುಮಾರು 6.6 ಕೋಟಿ ವರ್ಷದ ಹಿಂದೆ ನೆಲ ಸೀಳಿ ಹರಿದ ಲಾವಾ ಹರಡ್ತಾ, ಆರುತ್ತಾ, ಅದರ ಮೇಲೆ ಮತ್ತೆ ಹರೀತಾ ಪದರ ಪದರವಾಗಿ ಕೂತಿದ್ದು. ಇವತ್ತು ಉಳಿದಿರೋದೇ ಸುಮಾರು 5 ಲಕ್ಷ ಚದರ ಕಿಲೋಮೀಟರ್, ಪಶ್ಚಿಮದ ಕಡೆ ದಪ್ಪ ಎಲ್ಲಕ್ಕಿಂತ ಜಾಸ್ತಿ. ಮಹಾರಾಷ್ಟ್ರದ ಅತಿ ಎತ್ತರದ ಶಿಖರ ಕಳಸೂಬಾಯಿ, 1646 ಮೀಟರ್, ಅದೂ ಇದೇ ಲಾವಾ. ನಮ್ಮ ವಿಜಯಪುರ, ಕಲಬುರಗಿ ಕಡೆಯ ಎರೆ ಮಣ್ಣು ಇದೇ ಕಲ್ಲು ಸವೆದು ಪುಡಿಯಾಗಿ ಆಗಿರೋದು, ಗೋಳಗುಮ್ಮಟ ಕಟ್ಟಿರೋದೂ ಇದೇ ಕಪ್ಪು ಕಲ್ಲಲ್ಲಿ. ಮುಂಬೈಯವರು ದೂರ ಹೋಗೋದೂ ಬೇಡ, ಅಂಧೇರಿಯಲ್ಲಿ ಗಿಲ್ಬರ್ಟ್ ಹಿಲ್ ಇದೆ, ಬಿಲ್ಡಿಂಗ್‌ಗಳ ಮಧ್ಯ ಸುಮಾರು 60 ಮೀಟರ್ ಎತ್ತರದ ಕಂಬ ಕಂಬದ ಕಲ್ಲು, ಲಾವಾ ನಿಧಾನಕ್ಕೆ ಆರಿ ಕುಗ್ಗಿದಾಗ ಹೀಗೆ ಕಂಬ ಆಗುತ್ತೆ. (ಮಲ್ಪೆ ಹತ್ರದ ಸೇಂಟ್ ಮೇರಿಸ್ ದ್ವೀಪದ ಕಂಬಗಳು ನೋಡೋಕೆ ಹಾಗೇ ಇದ್ರೂ ಅದು ಬೇರೆ ಕಥೆ, ಅದು ಇನ್ನೂ ಹಳೇದು, ಸುಮಾರು 8.8 ಕೋಟಿ ವರ್ಷ, ಮಡಗಾಸ್ಕರ್ ನಮ್ಮಿಂದ ಕಳಚ್ಕೊಂಡ ಕಾಲದ್ದು.)

ಈಗ ದಾರಿಗೆ ಬರೋಣ. ಗಟ್ಟಿ ಪದರ ಸವೆಯಲ್ಲ, ಅದು ನೇರ ಗೋಡೆಯಾಗಿ ನಿಲ್ಲುತ್ತೆ. ಎರಡು ಪದರದ ಮಧ್ಯ ಇರೋ ಮೆತ್ತನೆ ಭಾಗ, ಗುಳ್ಳೆ ಗುಳ್ಳೆ ಕಲ್ಲು, ಅಲ್ಲಲ್ಲಿ ಇಟ್ಟಿಗೆ ಬಣ್ಣದ ಕೆಂಪು ಮಣ್ಣಿನ ಪಟ್ಟಿ, ಅದು ಸವೆದು ಇಳಿಜಾರಾಗುತ್ತೆ, ಅದನ್ನ ಇಲ್ಲಿ ಪದರ್ ಅಂತ್ಲೇ ಕರೀತಾರೆ. ಘಾಟವಾಟದ ಲೆಕ್ಕ ಇಷ್ಟೇ: ಈ ಇಳಿಜಾರು ಪದರ್ ಮೇಲೆ ಅಡ್ಡಕ್ಕೆ ಆರಾಮಾಗಿ ನಡೀ, ಗೋಡೆಯಲ್ಲಿ ಬಿರುಕು ಸಿಕ್ಕ ಕಡೆ ಮೇಲಕ್ಕೆ ಹತ್ತು, ಮತ್ತೆ ಮೇಲಿನ ಪದರ್ ಮೇಲೆ ಅಡ್ಡಕ್ಕೆ ನಡೀ. ಬೆಟ್ಟದ ಬುಡದಲ್ಲಿ ನಿಂತು ಮೇಲೆ ನೋಡಿ, ಗೋಡೆ ಎಲ್ಲಿ ತುಂಡಾಗಿದೆ, ಎಲ್ಲಿ ವಿ ಆಕಾರದ ಕಚ್ಚು ಇದೆ ಅಂತ. ದಾರಿ ಅಲ್ಲಿಗೇ ಹೋಗ್ಬೇಕು, ಬೇರೆ ಕಡೆ ಹೋಗೋಕೆ ಅದಕ್ಕೆ ಸಾಧ್ಯವೇ ಇಲ್ಲ.

ನೀರೂ ಇದೇ ಲೆಕ್ಕದಲ್ಲಿ ಸಿಗುತ್ತೆ. ಮಳೆ ನೀರು ಗಟ್ಟಿ ಕಲ್ಲಿನ ಬಿರುಕಲ್ಲಿ ಇಳಿದು ಕೆಳಗಿನ ಕೆಂಪು ಮಣ್ಣಿನ ಪಟ್ಟಿಗೆ ಬಂದು ನಿಲ್ಲುತ್ತೆ, ಮುಂದೆ ಇಳಿಯೋಕೆ ಆಗದೆ ಪಕ್ಕಕ್ಕೆ ಜಿನುಗುತ್ತೆ. ಹಾಗಾಗಿ ಕಪ್ಪು ಗೋಡೆಯ ಬುಡದಲ್ಲಿ ಒದ್ದೆ, ಪಾಚಿ, ಜರಿಗಿಡ ಕಂಡ್ರೆ ನೀರು ಹತ್ರ ಇದೆ ಅಂತ ತಿಳ್ಕೊಳ್ಳಿ. ಹಿಂದಿನವರು ಅಂಥ ಕಡೆ ಕಲ್ಲು ಕೊರೆದು ತೊಟ್ಟಿ ಮಾಡಿದ್ದಾರೆ, ಟಾಕೆ ಅಂತಾರೆ. ನವೆಂಬರ್ ತನಕ ಈ ಜಿನುಗು ನಂಬಬಹುದು, ಫೆಬ್ರವರಿ ಆದ್ಮೇಲೆ ನಂಬಬೇಡಿ.

ಅದೇ ಕಲ್ಲಿನ ಇನ್ನೊಂದು ಗುಣ ಗೊತ್ತಿಲ್ಲದೆ ಎಷ್ಟೋ ಜನ ಸಿಕ್ಕಿಹಾಕ್ಕೋತಾರೆ. ದಾರಿ ತಪ್ಪಿದ್ರೆ ಹಳ್ಳ ಹಿಡಿದು ಇಳೀರಿ, ಊರು ಸಿಗುತ್ತೆ ಅಂತ ನಮ್ಮ ಕಡೆ ಹೇಳ್ತಾರಲ್ಲ, ಇಲ್ಲಿ ಅದನ್ನ ಮಾತ್ರ ಮಾಡ್ಬೇಡಿ. ಪ್ರತಿ ಗಟ್ಟಿ ಪದರದ ಅಂಚಲ್ಲಿ ಹಳ್ಳ ಜಲಪಾತ ಆಗುತ್ತೆ, ನೀವು ಒಂದೆರಡು ಸಣ್ಣ ಜಾಗದಲ್ಲಿ ಹೇಗೋ ಜಾರ್ಕೊಂಡು ಇಳಿದುಬಿಟ್ಟಿರ್ತೀರಿ, ಮುಂದೆ 50 ಮೀಟರ್ ನೇರ ಪ್ರಪಾತ, ವಾಪಸ್ ಹತ್ತೋಕೂ ಆಗಲ್ಲ. ದಾರಿ ತಪ್ಪಿದ್ರೆ ಮೇಲಕ್ಕೆ, ಖಾತ್ರಿ ಗೊತ್ತಿದ್ದ ಕೊನೇ ಜಾಗಕ್ಕೆ ವಾಪಸ್ ಹೋಗಿ.

ಮೊದಲ ಸಲ ಯಾವುದು? ನಾಣೇಘಾಟ್

ಮೊದಲ ಘಾಟವಾಟ ಯಾವುದು ಅಂತ ಯಾರು ಕೇಳಿದ್ರೂ ನನ್ನ ಉತ್ತರ ಒಂದೇ, ನಾಣೇಘಾಟ್, ಅದೂ ಕೊಂಕಣದ ಕಡೆಯಿಂದ ಹತ್ತೋದು. ಜುನ್ನರ ಕಡೆಯಿಂದ ಕಾರಲ್ಲಿ ಮೇಲೆ ಬಂದು ಗುಹೆ ಮುಂದೆ ಫೋಟೋ ತೆಗೆದು ಹೋಗೋರು ಬಹಳ, ಅದು ಹೋದಂಗೂ ಅಲ್ಲ. ಕಲ್ಯಾಣದಿಂದ ಮುರಬಾಡ, ಮಾಳಶೇಜ್ ಘಾಟ್ ಕಡೆ ಹೋಗೋ ಎಸ್‌ಟಿ ಹತ್ತಿ, ಟೋಕಾವಡೆ ದಾಟಿ ವೈಶಾಖರೆ ಊರು ಬರುತ್ತೆ, ಅದರ ಮುಂದೆ ನಾಣೇಘಾಟ್ ಬೋರ್ಡ್ ಹತ್ರ ಇಳಿಸಿ ಅಂತ ಕಂಡಕ್ಟರ್‌ಗೆ ಟಿಕೆಟ್ ತಗೊಳ್ಳೋವಾಗಲೇ ಹೇಳಿಡಿ. ಅಲ್ಲಿಂದ ಮೊದಲು ಬಯಲು, ಒಂದು ಹಳ್ಳ, ಕಾಡು, ಆಮೇಲೆ ಏರು. ನಿಧಾನಕ್ಕೆ ಹೋದ್ರೂ ಮೂರು ಗಂಟೆಯೊಳಗೆ ಮೇಲಿರ್ತೀರಿ.

ಕಾಡು ಮುಗಿದು ಏರು ಶುರುವಾದ ಮೇಲೆ ಕಾಲ ಕೆಳಗೆ ನೋಡ್ತಾ ಹೋಗಿ. ಜೋಡಿಸಿದ ಕಲ್ಲು, ಅಲ್ಲಲ್ಲಿ ಬಂಡೆಯಲ್ಲೇ ಕಡಿದ ಮೆಟ್ಟಿಲು. ಮೆಟ್ಟಿಲಿನ ಮಧ್ಯ ಭಾಗ ತಗ್ಗಾಗಿ ನುಣುಪಾಗಿದೆ, ಅಂಚು ಇನ್ನೂ ಒರಟು, ಕೈ ಇಟ್ಟು ಸವರಿದ್ರೆ ವ್ಯತ್ಯಾಸ ಗೊತ್ತಾಗುತ್ತೆ. ಬಂಡೆಯಲ್ಲಿ ಸಣ್ಣ ಸಣ್ಣ ಗುಳಿ, ಕೆಲವು ಖಾಲಿ, ಕೆಲವಲ್ಲಿ ಬಿಳಿ ಹರಳು ತುಂಬ್ಕೊಂಡಿದೆ. ಖಾಲಿ ಗುಳಿ ಅಂದ್ರೆ ಲಾವಾದಲ್ಲಿದ್ದ ಗಾಳಿ ಗುಳ್ಳೆ, ಬಿಳಿ ಹರಳು ಜಿಯೋಲೈಟ್, ಕಲ್ಲು ಆರಿದ ಎಷ್ಟೋ ಕಾಲದ ಮೇಲೆ ನೀರು ತಂದು ಕೂಡಿಸಿದ್ದು. ಪುಣೆ ಸುತ್ತಮುತ್ತಲ ಹರಳುಗಳು ಜಗತ್ತಿನ ಮ್ಯೂಸಿಯಂಗಳಲ್ಲಿವೆ, ವಾಘೋಲಿಯ ನೀಲಿ ಕ್ಯಾವನ್ಸೈಟ್ ಅಂತೂ ಬಹಳ ಹೆಸರುವಾಸಿ. ದಯವಿಟ್ಟು ದಾರಿಯ ಕಲ್ಲಿಂದ ಒಂದನ್ನೂ ಕೀಳ್ಬೇಡಿ.

ಮೇಲೆ ತಲುಪೋ ಹೊತ್ತಿಗೆ ಬಲಕ್ಕೂ ಎಡಕ್ಕೂ ಗೋಡೆ, ಮಧ್ಯ ಕಿರಿದಾದ ಸಂದು, ಅಲ್ಲೇ ಗುಹೆ. ಒಳಗಿನ ಗೋಡೆ ತುಂಬಾ ಬ್ರಾಹ್ಮಿ ಲಿಪಿಯ ಪ್ರಾಕೃತ ಶಾಸನ, ಶಾತವಾಹನ ರಾಣಿ ನಾಗಣಿಕಾಳದ್ದು, 2000 ವರ್ಷಕ್ಕೂ ಹಳೇದು. ಅಶ್ವಮೇಧದಂಥ ಯಜ್ಞಗಳ ಹೆಸರು, ದಾನ ಕೊಟ್ಟ ಹಸು, ಕಾರ್ಷಾಪಣ ನಾಣ್ಯದ ಲೆಕ್ಕ ಎಲ್ಲ ಇದೆ, ಆ ಲೆಕ್ಕ ಅಂಕಿಯಲ್ಲಿದೆ, ನಮ್ಮ ದೇಶದ ಬಹಳ ಹಳೇ ಅಂಕಿ ಬರಹಗಳಲ್ಲಿ ಅದೂ ಒಂದು. ರಾಜ ಮನೆತನದವರ ಮೂರ್ತಿಗಳೂ ಸಾಲಾಗಿ ಇದ್ವು, ಈಗ ಮೂರ್ತಿ ಇಲ್ಲ, ಮೇಲೆ ಕೆತ್ತಿದ ಹೆಸರು ಮಾತ್ರ ಉಳಿದಿದೆ. ಸಂದು ದಾಟಿ ಮೇಲೆ ಬಂದ್ರೆ ಒಂದು ದೊಡ್ಡ ಕಲ್ಲಿನ ಹಂಡೆ, ಸುಂಕದ ನಾಣ್ಯ ಇದರಲ್ಲಿ ಹಾಕ್ತಿದ್ರು ಅಂತ ಹೇಳ್ತಾರೆ. ಇಲ್ಲಿ ಕನಿಷ್ಠ ಒಂದು ಗಂಟೆ ಕೂತ್ಕೊಳ್ಳಿ. ಗೋಡೆ ಮೇಲೆ ಕೈ ಇಡ್ಬೇಡಿ, ಅಕ್ಷರ ಕಾಣ್ಲಿ ಅಂತ ನೀರು ಎರಚ್ಬೇಡಿ, ಸೀಮೆಸುಣ್ಣ ತೀಡ್ಬೇಡಿ. ಓರೆಯಾಗಿ ಟಾರ್ಚ್ ಹಿಡಿದ್ರೆ ಅಕ್ಷರ ತಾನೇ ಎದ್ದು ಕಾಣುತ್ತೆ.

ಮೇಲಿಂದ ಮುಂದೆ ಘಾಟಘರ, ಜೀವಧನ ಕೋಟೆ ಎಲ್ಲ ಇದೆ, ಆದ್ರೆ ಮೊದಲ ಸಲಕ್ಕೆ ಬಂದ ದಾರಿಯಲ್ಲೇ ಇಳೀರಿ.

ಕೆಳಗಿಂದ ಮೇಲಕ್ಕೇ ಯಾಕೆ

ಯಾವ ಘಾಟವಾಟವಾದ್ರೂ ಮೊದಲ ಸಲ ಕೊಂಕಣದಿಂದ ಮೇಲಕ್ಕೇ ಹೋಗಿ. ಕೆಳಗಿಂದ ನೋಡಿದ್ರೆ ಪೂರ್ತಿ ಗೋಡೆ ಕಣ್ಣ ಮುಂದೆ ಇರುತ್ತೆ, ಕಚ್ಚು ಎಲ್ಲಿದೆ ಗೊತ್ತಾಗುತ್ತೆ. ಮೇಲಿಂದ ನೋಡಿದ್ರೆ ಹುಲ್ಲಿನ ಅಂಚು, ಅದರಾಚೆ ಆಕಾಶ, ದಾರಿ ಬಾಯಿ ಎಲ್ಲಿದೆ ಅಂತ ಪಕ್ಕದಲ್ಲಿ ನಿಂತ್ರೂ ಕಾಣಲ್ಲ. ಇನ್ನೊಂದು ಕಾರಣ ಬಿಸಿಲು. ಈ ಗೋಡೆ ಮುಖ ಮಾಡಿರೋದು ಪಶ್ಚಿಮಕ್ಕೆ, ಬೆಳಗ್ಗೆ 10 ಗಂಟೆವರೆಗೂ ಅದರ ನೆರಳಲ್ಲೇ ಹತ್ತಬಹುದು. ಅದೇ ಗೋಡೆ ಮಧ್ಯಾಹ್ನ 2 ಗಂಟೆಗೆ ಕಾದ ಹಂಚು, ಕಪ್ಪು ಕಲ್ಲು ಕೈ ಇಡೋಕೆ ಬಿಡಲ್ಲ. ಹಾಗಾಗಿ 6 ಗಂಟೆಗೆಲ್ಲ ನಡೆಯೋಕೆ ಶುರು ಮಾಡಿರ್ಬೇಕು, ಅಂದ್ರೆ ಹಿಂದಿನ ರಾತ್ರಿಯೇ ಕೆಳಗಿನ ಊರಲ್ಲಿ ಇರೋದು ಒಳ್ಳೇದು. ಇಳಿಯೋದನ್ನೂ 3 ಗಂಟೆ ಒಳಗೆ ಶುರು ಮಾಡಿ, ಡಿಸೆಂಬರಲ್ಲಿ ಈ ಕಡೆ 6 ಗಂಟೆ ಸುಮಾರಿಗೆ ಸೂರ್ಯ ಮುಳುಗುತ್ತೆ, ಕಾಡೊಳಗೆ ಅದಕ್ಕೂ ಮುಂಚೆ ಕತ್ತಲು.

ಸೀಸನ್ ಅಂದ್ರೆ ಅಕ್ಟೋಬರ್ ಕೊನೆಯಿಂದ ಫೆಬ್ರವರಿ. ಜನ ಮಳೆಗಾಲ ಮಳೆಗಾಲ ಅಂತ ಹುಚ್ಚೆದ್ದು ಹೋಗ್ತಾರೆ, ನನಗೆ ಅದು ಸರಿ ಅನ್ಸಲ್ಲ. ಬಸಾಲ್ಟ್, ಅಂದ್ರೆ ಈ ಕಪ್ಪು ಲಾವಾ ಕಲ್ಲು, ಒಣಗಿದ್ರೆ ಶೂ ಹಿಡಿದು ನಿಲ್ಸುತ್ತೆ, ಒದ್ದೆಯಾಗಿ ಪಾಚಿ ಕಟ್ಟಿದ್ರೆ ಯಾವ ಬ್ರ್ಯಾಂಡ್ ಶೂ ಆದ್ರೂ ಜಾರುತ್ತೆ. ಹೋಗ್ತಾ ಮೊಣಕಾಲುದ್ದ ಇದ್ದ ಹಳ್ಳ ಬರ್ತಾ ಎದೆ ಮಟ್ಟ ಆಗೋಕೆ ಒಂದು ಗಂಟೆ ಜೋರು ಮಳೆ ಸಾಕು. ಜಿಲ್ಲಾಡಳಿತ ಮಳೆಗಾಲದಲ್ಲಿ ಕೆಲವು ಜಾಗಕ್ಕೆ ಹೋಗೋದನ್ನೇ ನಿಷೇಧ ಮಾಡುತ್ತೆ, ಹೊರಡೋ ಮೊದಲು ಚೆಕ್ ಮಾಡಿ. ನಮ್ಮ ಕುಮಾರ ಪರ್ವತ, ಕುದುರೆಮುಖ ನಡೆದು ಅಭ್ಯಾಸ ಇರೋರು ಇಲ್ಲಿ ಬೇಸಿಗೆಯನ್ನ ಹಗುರವಾಗಿ ತಗೋತಾರೆ, ಅಲ್ಲಿ ಕಾಡಿನ ನೆರಳು ಸಿಗುತ್ತೆ, ಇಲ್ಲಿ ಹುಲ್ಲು ಒಣಗಿದ ಮೇಲೆ ಬೋಳು ಬೆಟ್ಟ. ಮಾರ್ಚ್‌ನಿಂದ ಮೇ ಬೇಡ.

ಯಾವುದು ದನದ ದಾರಿ, ಯಾವುದು ಜನರ ದಾರಿ

ಜಾಸ್ತಿ ಜನ ತಪ್ಪೋದು ಢೋರವಾಟ ಹಿಡಿದು. ದನ ಮೇಯೋಕೆ ಹೋದ ದಾರಿ ನೋಡೋಕೆ ಚೆನ್ನಾಗೇ ಇರುತ್ತೆ, ಕೆಲವು ಸಲ ನಿಜವಾದ ದಾರಿಗಿಂತ ಸ್ಪಷ್ಟ. ಗುರುತು ಏನು ಅಂದ್ರೆ, ದನದ ದಾರಿ ಬೆಟ್ಟದ ಪಕ್ಕೆಯಲ್ಲಿ ಒಂದೇ ಮಟ್ಟದಲ್ಲಿ ಹೋಗ್ತಾ ಹೋಗ್ತಾ ಎರಡು ನಾಲ್ಕಾಗಿ ಕವಲೊಡೆದು ಹುಲ್ಲಲ್ಲಿ ಮಾಯ ಆಗುತ್ತೆ. ಜನರ ಹಳೇ ದಾರಿ ಒಂದೇ ಹದದಲ್ಲಿ ಏರುತ್ತೆ, ತಿರುವಲ್ಲಿ ಕಲ್ಲು ಒತ್ತು ಕೊಟ್ಟಿರ್ತಾರೆ. ಕಾಡೊಳಗೆ ಇನ್ನೊಂದು ಸುಲಭದ ಗುರುತು: ರೆಂಬೆಗಳನ್ನ ನೋಡಿ. ತಲೆ ಮೇಲೆ ಸೌದೆ ಹೊರೆ ಹೊತ್ತು ಹೆಂಗಸರು ನಡೆಯೋ ದಾರಿಯಲ್ಲಿ ರೆಂಬೆ ತಲೆಗಿಂತ ಮೇಲೆ ಸವರಿರುತ್ತೆ, ದನದ ದಾರಿಯಲ್ಲಿ ಎದೆ ಮಟ್ಟಕ್ಕೇ ರೆಂಬೆ ಮುಖಕ್ಕೆ ಬಡೀತಾ ಇರುತ್ತೆ. ಹತ್ತು ನಿಮಿಷ ರೆಂಬೆ ಬಡೀತಲೇ ಇದ್ರೆ ನಿಂತ್ಕೊಂಡು ಯೋಚನೆ ಮಾಡಿ.

ಹಳೇ ದಾರಿಯ ಬೇರೆ ಗುರುತುಗಳೂ ಇವೆ. ಖಿಂಡ್, ಅಂದ್ರೆ ಎರಡು ಬೆಟ್ಟದ ಮಧ್ಯದ ಕಣಿವೆ ಬಾಯಿ, ಅಲ್ಲಿ ಸಿಂಧೂರ ಬಳಿದ ಮಾರುತಿ ಅಥವಾ ಗಣಪತಿ ಕಲ್ಲು. ಊರ ಹೊರಗೆ ಸಾಲಾಗಿ ನಿಲ್ಸಿದ ವೀರಗಲ್ಲು. ಟಾಕೆ. ಕಲ್ಲಿನ ಮೇಲೆ ಪೇಂಟ್ ಬಾಣದ ಗುರುತು ನೋಡಿ ಪೂರ್ತಿ ನಂಬ್ಬೇಡಿ, ಅದನ್ನ ಯಾರೋ ಅವರ ಟ್ರೆಕ್‌ಗೆ ಹಾಕಿರ್ತಾರೆ, ಅವರು ಬೇರೆ ಎಲ್ಲಿಗೋ ಹೋಗಿರಬಹುದು.

ಮೊಬೈಲಲ್ಲಿ ಆಫ್‌ಲೈನ್ ಮ್ಯಾಪ್, ಹಿಂದೆ ಯಾರೋ ನಡೆದ ಟ್ರ್ಯಾಕ್ ಇಟ್ಕೊಂಡಿರಿ, ಪವರ್ ಬ್ಯಾಂಕ್ ಇರ್ಲಿ. ಆದ್ರೆ ನೇರ ಗೋಡೆ ಪಕ್ಕ ಜಿಪಿಎಸ್ 20–30 ಮೀಟರ್ ಆಚೀಚೆ ತೋರಿಸೋದು ಮಾಮೂಲು, ಇಲ್ಲಿ 20 ಮೀಟರ್ ಅಂದ್ರೆ ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ಇರೋ ವ್ಯತ್ಯಾಸ.

ಕೇಳೋದು ಹೇಗೆ

ಎಲ್ಲಕ್ಕಿಂತ ನಂಬಿಕಸ್ಥ ಮ್ಯಾಪ್ ಕೆಳಗಿನ ವಾಡಿಯ ಜನ. ಠಾಕರರು, ಮಹಾದೇವ ಕೋಳಿಗಳು, ಮೇಲೆ ಧನಗರರು, ಇವರಿಗೆ ಇದು ಟ್ರೆಕ್ ಅಲ್ಲ, ನೆಂಟರ ಮನೆಗೆ, ಸಂತೆಗೆ, ಜಾತ್ರೆಗೆ ಹೋಗೋ ದಾರಿ. ನಮ್ಮ ಮರಾಠಿ ಹೇಗೇ ಇರ್ಲಿ, ಮರಾಠಿಯಲ್ಲೇ ಕೇಳಿ. ಗಂಡಸರಿಗೆ ದಾದಾ, ವಯಸ್ಸಾದವರಿಗೆ ಬಾಬಾ ಅಥವಾ ಕಾಕಾ, ಹೆಂಗಸರಿಗೆ ತಾಈ (ಅಂದ್ರೆ ಅಕ್ಕ) ಅಥವಾ ಮಾವಶಿ. ಕೇಳೋ ರೀತಿಯಲ್ಲಿ ಒಂದು ಸೂಕ್ಷ್ಮ ಇದೆ. "ಹಾ ರಸ್ತಾ ಘಾಟಾಲಾ ಜಾತೋ ಕಾ" ಅಂತ ಕೈ ತೋರಿಸಿ ಕೇಳಿದ್ರೆ ಮರ್ಯಾದೆಗೆ ಹೌದು ಹೌದು ಅಂದುಬಿಡ್ತಾರೆ. "ದಾದಾ, ಘಾಟಾಚೀ ವಾಟ ಕೋಣತಿ" ಅಂತ ಕೇಳಿ ಸುಮ್ಮನೆ ನಿಂತ್ಕೊಳ್ಳಿ, ಆಗ ಅವರು ಪೂರ್ತಿ ಹೇಳ್ತಾರೆ, ಎಲ್ಲಿ ಹಳ್ಳ ದಾಟ್ಬೇಕು, ಯಾವ ಮರದ ಹತ್ರ ಬಲಕ್ಕೆ, ಎಲ್ಲಿ ಜೇನಿದೆ, ಎಲ್ಲಿ ಕುಸಿದಿದೆ. ಅವರು ಹೇಳೋ ಟೈಮ್ ಮಾತ್ರ ಅವರ ಕಾಲಿನ ಟೈಮ್, ಅರ್ಧ ಗಂಟೆ ಅಂದ್ರೆ ನಮಗೆ ಒಂದೂವರೆ ಗಂಟೆ.

ಅವರ ಬಾಯಲ್ಲಿ ಬರೋ ನಾಲ್ಕು ಪದ ಗೊತ್ತಿರ್ಲಿ. ಸೋಂಡ್ ಅಂದ್ರೆ ಬೆಟ್ಟದಿಂದ ಇಳಿದು ಬಂದ ಏಣು. ನಾಳ ಅಂದ್ರೆ ಬಂಡೆ ತುಂಬಿದ ಕಡಿದಾದ ಸಂದು. ಕಾತಳ ಅಂದ್ರೆ ಬರೀ ಬಂಡೆ. ಘಸಾರಾ ಅಂದ್ರೆ ಸಣ್ಣ ಜಲ್ಲಿ ಹರಡಿದ ಇಳಿಜಾರು. ಯಾರಾದ್ರೂ "ನಾಳೇನ ಜಾ" ಅಂದ್ರೆ ಹೊಸಬರು ವಿನಯವಾಗಿ ಬೇರೆ ದಾರಿ ಕೇಳಿ.

ಗೈಡ್ ಆಗಿ ಯಾರನ್ನಾದ್ರೂ ಕರ್ಕೊಂಡು ಹೋದ್ರೆ ಹೊರಡೋ ಮೊದಲೇ ದುಡ್ಡು ಮಾತಾಡಿ, ಮಾತಾಡಿದ್ದನ್ನ ಚೌಕಾಸಿ ಇಲ್ದೆ ಕೊಡಿ, ಅವರ ಒಂದು ದಿನದ ಗದ್ದೆ ಕೆಲಸ ಬಿಟ್ಟು ಬಂದಿರ್ತಾರೆ. ಊಟವೂ ಅವರ ಮನೆಯಲ್ಲೇ ಮಾಡಿ, ನಾಚಣಿ ಭಾಕ್ರಿ, ಪಿಠಲಂ, ಠೇಚಾ, ಅದಕ್ಕಿಂತ ಒಳ್ಳೇ ಊಟ ಈ ದಾರಿಗಳಲ್ಲಿ ಇಲ್ಲ.

ಹೊತ್ಕೊಳ್ಳೋದು, ಇಳಿಯೋದು

ಒಬ್ಬರಿಗೆ ಕನಿಷ್ಠ 3 ಲೀಟರ್ ನೀರು, ಫೆಬ್ರವರಿಯಲ್ಲಿ 4. ಉಪ್ಪು ಸಕ್ಕರೆ ಅಥವಾ ಓಆರ್‌ಎಸ್. ಟಾಕೆಯ ನೀರು ಬಾಟಲಿಯಲ್ಲೇ ಮೊಗೆದು ಕ್ಲೋರಿನ್ ಮಾತ್ರೆ ಹಾಕಿ ಕುಡೀರಿ, ಒಳಗೆ ಕೈ ಕಾಲು ತೊಳೀಬೇಡಿ, ಊರಿನವರು ಅದನ್ನೇ ಕುಡಿಯೋದು. ಚಪಾತಿ ಚಟ್ನಿಪುಡಿ, ಹುರಿಗಡಲೆ, ಬೆಲ್ಲ ಸಾಕು. ಪೂರ್ತಿ ತೋಳಿನ ಶರ್ಟ್, ಕಾರ್ವಿ ಪೊದೆ ಕೈ ಗೀರುತ್ತೆ. ಹೆಡ್‌ಲ್ಯಾಂಪ್, ಒಂದು ಸೀಟಿ, ಕ್ರೇಪ್ ಬ್ಯಾಂಡೇಜ್. ಶೂ ಮೆತ್ತನೆ ರಬ್ಬರ್ ಸೋಲ್‌ದು, ಹಿಮ್ಮಡಿ ಗಟ್ಟಿ ಇರೋದು, ಬೆರಳಿಗೆ ಅರ್ಧ ಇಂಚು ಜಾಗ ಬಿಟ್ಟು ತಗೊಳ್ಳಿ, ಇಲ್ಲಾಂದ್ರೆ ಇಳಿಯೋವಾಗ ಉಗುರು ಕಪ್ಪಾಗುತ್ತೆ.

ಹತ್ತೋಕಿಂತ ಇಳಿಯೋದೇ ಕಷ್ಟ. ಘಸಾರಾ ಮೇಲೆ ಜನ ಹೆದರಿ ಹಿಂದಕ್ಕೆ ವಾಲ್ತಾರೆ, ಆಗಲೇ ಕಾಲು ಮುಂದಕ್ಕೆ ಜಾರೋದು. ಮೊಣಕಾಲು ಸ್ವಲ್ಪ ಬಗ್ಗಿಸಿ, ಭಾರ ಪಾದದ ಮೇಲೆ ನೇರ ಬೀಳೋ ಹಾಗೆ, ಸಣ್ಣ ಸಣ್ಣ ಹೆಜ್ಜೆ, ಪಾದ ಸ್ವಲ್ಪ ಅಡ್ಡ. ಹುಲ್ಲು ಹಿಡ್ಕೊಂಡು ಇಳೀಬೇಡಿ, ಬೇರು ಸಮೇತ ಬರುತ್ತೆ, ಕಾರ್ವಿ ಕಾಂಡ ಬುಡದಲ್ಲಿ ಹಿಡಿದ್ರೆ ಪರವಾಗಿಲ್ಲ. ಸಂದಿನಲ್ಲಿ ಒಬ್ಬರ ನೇರ ಕೆಳಗೆ ಇನ್ನೊಬ್ಬರು ಇರ್ಬಾರ್ದು, ಕಲ್ಲು ಉರುಳಿದ್ರೆ ನಾಚಿಕೆ ಬಿಟ್ಟು ಜೋರಾಗಿ ಕೂಗಿ.

ಜೇನಿನ ಬಗ್ಗೆ ಎಷ್ಟು ಹೇಳಿದ್ರೂ ಕಮ್ಮಿ. ಗೋಡೆಗೆ ನೇತಾಡೋ ದೊಡ್ಡ ಹೆಜ್ಜೇನು, ಆಗ್ಯಾ ಮೋಹೋಳ ಅಂತಾರೆ. ಸೆಂಟ್ ಹಾಕ್ಕೊಂಡು ಬರ್ಬೇಡಿ, ಅದರ ಕೆಳಗೆ ಒಲೆ ಹಚ್ಚಬೇಡಿ, ಸಿಗರೇಟ್ ಬೇಡ, ಕಿರುಚಾಟ ಬೇಡ. ಎದ್ದುಬಿಟ್ರೆ ಕೈ ಬೀಸಬೇಡಿ, ಮುಖ ತಲೆ ಬಟ್ಟೆಯಿಂದ ಮುಚ್ಚಿ ಪೊದೆ ಅಥವಾ ಕಾಡಿನ ಕಡೆ ದೂರ ಹೋಗಿ, ಪ್ರಪಾತದ ಅಂಚು ಎಲ್ಲಿದೆ ಅನ್ನೋ ಗಮನ ಇಟ್ಕೊಂಡೇ ಓಡಿ. ಏನಾದ್ರೂ ಅವಘಡ ಆದ್ರೆ 112, ಜೊತೆಗೆ ಕೆಳಗಿನ ಊರಿನ ಒಬ್ಬರ ನಂಬರ್ ಮೊದಲೇ ಬರ್ಕೊಂಡಿರಿ. ಲೋಣಾವಳ ಕಡೆ ಶಿವದುರ್ಗ ಮಿತ್ರ ಅನ್ನೋ ರಕ್ಷಣಾ ತಂಡದ ಹುಡುಗರು ಹಗಲು ರಾತ್ರಿ ಎನ್ನದೆ ಜನರನ್ನ ಹುಡುಕಿ ತಂದಿದ್ದಾರೆ, ಅವರ ಮೇಲೆ ನನಗೆ ಬಹಳ ಗೌರವ.

ಆಮೇಲೆ ಯಾವುದು

ನಾಣೇಘಾಟ್ ಆದ್ಮೇಲೆ ರಾಜಮಾಚಿ. ಕರ್ಜತ್‌ನಿಂದ ಟಮ್‌ಟಮ್ ಅಥವಾ ಆಟೋದಲ್ಲಿ ಕೊಂಡಿವಡೆ, ಅಲ್ಲಿಂದ ಕಾಡಲ್ಲಿ ಹತ್ತಿದ್ರೆ ದಾರಿಯಲ್ಲೇ ಕೊಂಡಾಣೆ ಬೌದ್ಧ ಗುಹೆಗಳು, ಮುಂದೆ ಕಡಿದಾದ ಏರು, ಮೇಲೆ ಉಧೇವಾಡಿ. ರಾತ್ರಿ ಅಲ್ಲಿ ಯಾರ ಮನೆಯಲ್ಲಾದ್ರೂ ಇದ್ದು ಮಾರನೇ ದಿನ ಲೋಣಾವಳಕ್ಕೆ ಸುಮಾರು 15 ಕಿಲೋಮೀಟರ್ ಹೆಚ್ಚುಕಮ್ಮಿ ಸಪಾಟು ನಡಿಗೆ. ಲೋಣಾವಳ ತನಕ ಬಂದವರು ಕಾರ್ಲಾ ಗುಹೆ ಬಿಡ್ಬೇಡಿ, ಅದೂ ಇದೇ ವ್ಯಾಪಾರದ ದಾರಿಯ ಮೇಲಿರೋದು. ಅಲ್ಲಿನ ಚೈತ್ಯದ, ಅಂದ್ರೆ ಬೌದ್ಧರ ಪ್ರಾರ್ಥನಾ ಗುಹೆಯ, ಶಾಸನದಲ್ಲಿ, ಜಂಬೂದ್ವೀಪದಲ್ಲೇ ಉತ್ತಮವಾದ ಈ ಶಿಲಾಗೃಹವನ್ನ ಪೂರ್ತಿ ಮಾಡಿಸಿದ್ದು ವೈಜಯಂತಿಯ ಶ್ರೇಷ್ಠಿ ಭೂತಪಾಲ ಅಂತ ಬರೆದಿದೆ. ವೈಜಯಂತಿ ಅಂದ್ರೆ ನಮ್ಮ ಬನವಾಸಿ ಅಂತ ವಿದ್ವಾಂಸರು ಗುರುತಿಸ್ತಾರೆ. ಉತ್ತರ ಕನ್ನಡದ ಒಬ್ಬ ವ್ಯಾಪಾರಿ ಅಷ್ಟು ಹಿಂದೆ ಈ ಘಟ್ಟದವರೆಗೂ ಬಂದು ದುಡ್ಡು ಹಾಕಿದ್ದಾನೆ, ಇಲ್ಲಿ ನಾವು ಮೊದಲನೇ ತಲೆಮಾರೇನಲ್ಲ.

ಮೂರನೇದು ಖಾಂಡಸ್‌ನಿಂದ ಭೀಮಾಶಂಕರ. ಎರಡು ದಾರಿ, ಗಣೇಶ ಘಾಟ್ ಉದ್ದ ಆದ್ರೆ ಸಲೀಸು, ಶಿಡಿ ಘಾಟ್ ಕಬ್ಬಿಣದ ಏಣಿ ಇರೋ ನೇರ ಗೋಡೆ. ಎರಡೂ ಪದರವಾಡಿ ಹತ್ರ ಸೇರ್ತವೆ. ಮೊದಲ ಸಲ ಗಣೇಶ ಘಾಟ್, ಐದಾರು ಗಂಟೆ ಇಟ್ಕೊಳ್ಳಿ, ಶಿಡಿ ಘಾಟ್ ಮಳೆಗಾಲದಲ್ಲಂತೂ ಬೇಡವೇ ಬೇಡ. ಮೇಲಿನ ಕಾಡಲ್ಲಿ ಶೇಕರು, ಅಂದ್ರೆ ದೊಡ್ಡ ಕೆಂಪಳಿಲು, ತಲೆ ಎತ್ತಿ ನಡೆದ್ರೆ ಕಾಣುತ್ತೆ. ದರ್ಶನ ಮಾಡಿ ಪುಣೆ ಎಸ್‌ಟಿ ಹಿಡಿದು ವಾಪಸ್. ಶ್ರಾವಣ ಸೋಮವಾರ, ಶಿವರಾತ್ರಿ ಬಿಟ್ಟು ಹೋಗಿ.

ಗೋವಾದವರಿಗೆ ಒಂದು ಮಾತು. ನಿಮ್ಮ ಕಡೆ ಹೆಚ್ಚಾಗಿ ಜಂಬಿಟ್ಟಿಗೆ ಕಲ್ಲು, ಇಲ್ಲಿ ಹೇಳಿದ ಪದರದ ಲೆಕ್ಕ ಅಲ್ಲಿ ಅಷ್ಟಾಗಿ ನಡೆಯಲ್ಲ. ಆದ್ರೆ ಅನಮೋಡ ಘಾಟ್ ಬುಡದ ತಾಂಬಡಿ ಸುರ್ಲಾ ಮಹಾದೇವ ದೇವಸ್ಥಾನ ನೋಡಿ, ಕದಂಬರ ಕಾಲದ್ದು, 12ನೇ ಶತಮಾನ, ಪೂರ್ತಿ ಬಸಾಲ್ಟ್, ಆ ಕಲ್ಲನ್ನ ಘಟ್ಟದ ಮೇಲಿಂದ ಇಳಿಸಿ ತಂದಿದ್ದು ಅಂತ ಹೇಳ್ತಾರೆ. ಸುತ್ತ ಅಭಯಾರಣ್ಯ, ನಡೆಯೋಕೆ ಅರಣ್ಯ ಇಲಾಖೆ ಪರ್ಮಿಷನ್ ತಗೊಳ್ಳಿ. ದೂಧಸಾಗರದ ರೈಲು ಹಳಿ ಮೇಲೆ ನಡೆಯೋದು ಕಾನೂನು ಪ್ರಕಾರವೂ ತಪ್ಪು, ಜೀವಕ್ಕೂ ಅಪಾಯ.

ಜ್ವಾಲಾಮುಖಿ ದ್ವೀಪಕ್ಕೆ ಹೋಗೋ ಪ್ಲಾನ್ ಇದ್ರೆ

ಈಚೆಗೆ ನಮ್ಮೋರು ಮಾರಿಷಸ್ ಹೋದವರು ಪಕ್ಕದ ಫ್ರೆಂಚ್ ದ್ವೀಪ ರೀಯೂನಿಯನ್‌ಗೂ ಹೋಗ್ತಿದ್ದಾರೆ. ಭೂವಿಜ್ಞಾನಿಗಳು ಹೇಳೋ ಪ್ರಕಾರ ಸಹ್ಯಾದ್ರಿಯ ಲಾವಾ ಹೊರಬಂದ ಬಿಸಿ ತಾಣವೇ, ಅಂದ್ರೆ ಭೂಮಿಯ ಆಳದಿಂದ ಬಿಸಿ ಮೇಲೇಳೋ ಜಾಗವೇ, ಇವತ್ತು ರೀಯೂನಿಯನ್ ಕೆಳಗಿರೋದು. ಆ ತಾಣ ಹೆಚ್ಚುಕಮ್ಮಿ ಅಲ್ಲೇ ನಿಂತಿದೆ, ಅದರ ಮೇಲಿಂದ ಭಾರತ ಉತ್ತರಕ್ಕೆ ಸರಿದು ಬಂತು, ಲಕ್ಷದ್ವೀಪ, ಮಾಲ್ಡೀವ್ಸ್ ಸಾಲು ಆ ದಾರಿಯ ಗುರುತು. ಅಲ್ಲಿ ಪಿತೋ ದ ಲಾ ಫೂರ್ನೇಜ್ ಅನ್ನೋ ಜ್ವಾಲಾಮುಖಿ ಇವತ್ತಿಗೂ ಪದೇ ಪದೇ ಉಕ್ಕುತ್ತೆ. ಮಾಫಾತ್ ಅನ್ನೋ ಕಣಿವೆಗೆ ರಸ್ತೆಯೇ ಇಲ್ಲ, ಊರುಗಳಿವೆ, ಹೋಗೋದು ನಡೆದೇ ಅಥವಾ ಹೆಲಿಕಾಪ್ಟರ್. ಗುಲಾಮಗಿರಿ ತಪ್ಪಿಸ್ಕೊಂಡು ಓಡಿಹೋದವರು ಅಡಗಿದ್ದ ಕಣಿವೆ ಅದು, ಹೆಸರೂ ಅಂಥ ಒಬ್ಬ ನಾಯಕನದ್ದೇ.

ಸಹ್ಯಾದ್ರಿ ನಡೆದವರಿಗೆ ಅಲ್ಲಿ ಎರಡು ವಿಷಯ ಹೊಸದು. ಒಂದು, ಹೊಸ ಲಾವಾ ಮೇಲೆ ನೀರೇ ಸಿಗಲ್ಲ. ನಮ್ಮ ಕೆಂಪು ಪಟ್ಟಿ ಆಗೋಕೆ ಮಣ್ಣಾಗುವಷ್ಟು ಕಾಲ ಬೇಕು, ಅಲ್ಲಿ ಮಳೆ ನೀರು ಬಿರುಕಲ್ಲಿ ಹಾಗೇ ಇಳಿದುಹೋಗುತ್ತೆ, ಹಾಗಾಗಿ ಪೂರ್ತಿ ನೀರು ಹೊತ್ಕೊಂಡೇ ಹೋಗ್ಬೇಕು. ಎರಡು, ಲಾವಾದಲ್ಲಿ ಎರಡು ಜಾತಿ. ಹಗ್ಗ ಸುತ್ತಿದ ಹಾಗೆ ನುಣುಪಾಗಿರೋದು ಪಾಹೋಯ್‌ಹೋಯ್, ನಡೆಯೋಕೆ ಸಲೀಸು, ಆದ್ರೆ ಕೆಲವು ಕಡೆ ಒಳಗೆ ಪೊಳ್ಳು, ಗುರುತು ಹಾಕಿದ ದಾರಿ ಬಿಡ್ಬೇಡಿ. ಚೂಪು ಚೂಪು ಚೂರಿನ ರಾಶಿ ಇರೋದು ಆಆ, ಬಿದ್ರೆ ಕೈ ಹರಿಯುತ್ತೆ, ಗ್ಲೌಸ್ ಮತ್ತು ಉದ್ದ ಪ್ಯಾಂಟ್ ಹಾಕ್ಕೊಳ್ಳಿ. ಜ್ವಾಲಾಮುಖಿ ಉಕ್ಕೋ ಸೂಚನೆ ಬಂದ ಕೂಡಲೇ ಆಡಳಿತ ಒಳಗಿನ ಬಯಲಿನ ದಾರಿ ಮುಚ್ಚುತ್ತೆ, ಗೇಟ್ ಮುಚ್ಚಿದೆ ಅಂದ್ರೆ ದಾಟಬೇಡಿ. ಜನವರಿಯಿಂದ ಮಾರ್ಚ್ ಚಂಡಮಾರುತದ ಕಾಲ, ಮೇನಿಂದ ಅಕ್ಟೋಬರ್ ಒಳ್ಳೇದು, ಮಾಫಾತ್ ಒಳಗಿನ ವಸತಿ ಮೊದಲೇ ಬುಕ್ ಮಾಡ್ಬೇಕು, ಸ್ವಲ್ಪ ಫ್ರೆಂಚ್ ಬಂದ್ರೆ ಕೆಲಸ ಸಲೀಸು. ಅಲ್ಲಿಗೆ ಹೋಗೋ ಮೊದಲು ಗಣೇಶ ಘಾಟ್ ಬೆನ್ನ ಮೇಲೆ 8 ಕಿಲೋ ಹೊತ್ತು ಹತ್ತಿ ನೋಡಿ, ಮಾರನೇ ದಿನ ಮತ್ತೆ ನಡೆಯೋಕೆ ಕಾಲು ಒಪ್ಪುತ್ತೆ ಅಂದ್ರೆ ಟಿಕೆಟ್ ಮಾಡ್ಸಿ.